ಶಿಶುವಿಹಾರದ ಮಕ್ಕಳಿಗೆ ಚಳಿಗಾಲದ ಕರಕುಶಲ: 14 ಮಕ್ಕಳು, 40 ನಿಮಿಷ, ಏನು ಮಾಡಿಸಬಹುದು?

ಚಿಟ್ಟೆಗೂಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಶಿಶುವಿಹಾರದಲ್ಲಿ "ಚಳಿಗಾಲ" ಅನ್ನೋ ವಿಷಯ ಇಟ್ಟುಕೊಂಡಿದ್ದೇವೆ. ಒಟ್ಟು 14 ಮಕ್ಕಳು. ಆರು ಮಕ್ಕಳಿಗೆ ಈಗಷ್ಟೇ ಮೂರು ತುಂಬಿದೆ, ಮಿಕ್ಕವರಿಗೆ ನಾಲ್ಕು, ನಾಲ್ಕೂವರೆ. ನೋಡಿಕೊಳ್ಳಲು ದೊಡ್ಡವರು ಇಬ್ಬರು. ಕೈಗೆ ಸಿಗುವ ಸಮಯ 40 ನಿಮಿಷ, ಅದರಲ್ಲೇ ಕೈ ತೊಳೆಸುವುದೂ ಸೇರಿದೆ.

ಮೊದಲು ಯೋಚಿಸಿದ್ದು ಹತ್ತಿಯ ಹಿಮದ ಬೊಂಬೆ. ಕಾಗದದಲ್ಲಿ ಎರಡು ವೃತ್ತ ಕತ್ತರಿಸಿ ಕೊಡುವುದು, ಮಕ್ಕಳು ಹತ್ತಿ ಅಂಟಿಸುವುದು, ಮೇಲೆ ಕಣ್ಣು, ಮೂಗು, ಟೋಪಿ. ಆದರೆ ಲೆಕ್ಕ ಹಾಕಿ ನೋಡಿದರೆ ಕತ್ತರಿಸುವುದು, ಜೋಡಿಸುವುದು, ಕಣ್ಣು ಅಂಟಿಸುವುದು ಎಲ್ಲ ನಾವೇ ಮಾಡಬೇಕು. ಮಕ್ಕಳ ಪಾಲಿಗೆ ಉಳಿಯುವುದು ಹತ್ತಿ ಒತ್ತುವುದು ಮಾತ್ರ. ಕೊನೆಗೆ ಗೋಡೆ ಮೇಲೆ 14 ಒಂದೇ ಥರದ ಬೊಂಬೆ. ಅದು ಬೇಡ ಅನ್ನಿಸಿದೆ.

ಇನ್ನೊಂದು ತೊಡಕು, ಈ ಮಕ್ಕಳಲ್ಲಿ ಯಾರೂ ಹಿಮ ನೋಡಿದವರಲ್ಲ. ನೋಡದೆ ಇರುವುದನ್ನು ಹೇಗೆ ಮಾಡಿಸುವುದು? ಇಬ್ಬರು ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ, ಅದೂ ಗಮನದಲ್ಲಿರಬೇಕು. ಅಳತೆ, ಸಾಮಾನು, ಎಲ್ಲಿ ಕೆಡುತ್ತದೆ ಅನ್ನುವುದನ್ನು ಬಿಡಿಸಿ ಹೇಳಿದರೆ ತುಂಬಾ ಉಪಕಾರವಾಗುತ್ತದೆ.

---

ಬಣ್ಣದ ಬಟ್ಟಲು:

ಹತ್ತಿ ಬೊಂಬೆ ಬಿಟ್ಟಿದ್ದು ಒಳ್ಳೆಯದೇ ಆಯಿತು. ಅದರಲ್ಲಿ ಇನ್ನೊಂದು ಕಷ್ಟವೂ ಇದೆ: ಗಮ್ ಬೆರಳಿಗೆ ಹತ್ತಿದ ಕೂಡಲೇ ಹತ್ತಿ ಕಾಗದಕ್ಕಿಂತ ಮೊದಲು ಬೆರಳಿಗೆ ಅಂಟುತ್ತದೆ. ಮೂರು ವರ್ಷದ ಮಗು ಎರಡನೇ ಉಂಡೆಗೇ ಕೈ ಚಾಚಿಕೊಂಡು ಅಳುತ್ತಾ ಬರುತ್ತದೆ.

ನಾನು ಹೇಳುವುದು ಟೇಪ್ ಚಿತ್ರ. ಕಾಗದದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮೇಲೆಲ್ಲ ಬಣ್ಣ ಒತ್ತಿ, ಆಮೇಲೆ ಟೇಪ್ ಎಳೆದು ತೆಗೆಯುವುದು. ಟೇಪ್ ಇದ್ದ ಜಾಗ ಬೆಳ್ಳಗೆ ಉಳಿಯುತ್ತದೆ. ಮೂರು ಪಟ್ಟಿ ನಡುವೆ ಹಾಯ್ದರೆ ಹಿಮದ ಹರಳು. ಮೂರ್ನಾಲ್ಕು ಪಟ್ಟಿ ನೆಟ್ಟಗೆ ನಿಂತರೆ ಎಲೆ ಉದುರಿದ ಮರಗಳು. ಒತ್ತುವುದು, ಎಳೆಯುವುದು, ಎರಡೂ ಮೂರು ವರ್ಷದ ಕೈಗೆ ಒಗ್ಗುವ ಕೆಲಸ. ಟೇಪ್ ಎಳೆದಾಗ ಬಿಳಿ ಗೆರೆ ಹೊರಗೆ ಬರುವ ಆ ಗಳಿಗೆಗೋಸ್ಕರವಾದರೂ ಇದನ್ನು ಮಾಡಿಸಬೇಕು.

ಸಾಮಾನಿನ ಲೆಕ್ಕ. ಕಾಗದ ಎ5 ಅಳತೆ ಸಾಕು, ಅಂದರೆ ಎ4ರ ಅರ್ಧ. ದಪ್ಪ 180ರಿಂದ 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ತೂಗುವ ಗ್ರಾಂ) ಇರಲಿ. ಬರೆಯುವ ಹಾಳೆ 70–80 ಜಿಎಸ್‌ಎಂ ಇರುತ್ತದೆ, ಅದು ಬಣ್ಣದ ನೀರು ಕುಡಿದು ಸುರುಳಿ ಸುತ್ತಿಕೊಳ್ಳುತ್ತದೆ, ಟೇಪಿನ ಜೊತೆ ಕಿತ್ತೂ ಬರುತ್ತದೆ. ಟೇಪ್ 18 ಮಿಮೀ ಅಗಲದ್ದು. ಒಂದು ಹರಳಿಗೆ 12 ಸೆಂಮೀ ಉದ್ದದ ಮೂರು ಪಟ್ಟಿ, ಜೊತೆಗೆ ಪಕ್ಕದ ಕವಲುಗಳಿಗೆ 3 ಸೆಂಮೀ ತುಂಡು ಹನ್ನೆರಡು. ಅಲ್ಲಿಗೆ ಮಗುವಿಗೆ 72 ಸೆಂಮೀ, 14 ಮಕ್ಕಳಿಗೆ 10 ಮೀಟರ್ ಚಿಲ್ಲರೆ. 20 ಮೀಟರಿನ ಒಂದು ಸುರುಳಿ ತಂದರೆ ಧಾರಾಳ. ಬಣ್ಣ ಮಗುವಿಗೆ ಒಂದು ದೊಡ್ಡ ಚಮಚ, ಹತ್ತಿರ ಹತ್ತಿರ 15 ಮಿಲೀ. ಒಟ್ಟು 210 ಮಿಲೀ.

ಮೂರು ಪಟ್ಟಿಗಳನ್ನು ಸರಿಯಾದ ಕೋನದಲ್ಲಿ ಹಾಯಿಸುವುದು ಮಕ್ಕಳಿಂದ ಆಗದು, ಅಲ್ಲಿ ಮಾತ್ರ ನಿಮ್ಮ ಕೈ ಬೇಕು. ಗಡಿಯಾರದ ಮುಖ ನೆನೆಸಿಕೊಳ್ಳಿ. ಕಾಗದದ ಮೇಲೆ 12, 2, 4, 6, 8, 10 ಇರುವ ಕಡೆ ಪೆನ್ಸಿಲಿನಲ್ಲಿ ಆರು ಚುಕ್ಕೆ ಇಡಿ. 12ರಿಂದ 6ಕ್ಕೆ, 2ರಿಂದ 8ಕ್ಕೆ, 4ರಿಂದ 10ಕ್ಕೆ ಪಟ್ಟಿ. ಮೂರು ವರ್ಷದವರಿಗೆ ಈ ಮೂರನ್ನೂ ಅಂಟಿಸಿಯೇ ಕೊಡಿ. ನಾಲ್ಕರವರು ಚುಕ್ಕೆ ನೋಡಿ ತಾವೇ ಅಂಟಿಸುತ್ತಾರೆ. ಕವಲಿನ ತುಂಡುಗಳನ್ನು ಟ್ರೇ ಅಂಚಿಗೆ ಸಾಲಾಗಿ ಅಂಟಿಸಿಟ್ಟು ಎಲ್ಲರಿಗೂ ಕೊಡಿ, ಎಲ್ಲಿ ಬೇಕೋ ಅಲ್ಲಿ ಇಟ್ಟುಕೊಳ್ಳಲಿ. ಒಬ್ಬ ಹುಡುಗ ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕುತ್ತಾನೆ, ಹಾಕಲಿ. ಹದಿನಾಲ್ಕು ಹರಳು ಹದಿನಾಲ್ಕು ಥರ ಆಗುವುದು ಅಲ್ಲೇ.

ಇನ್ನು ಕೆಡುವ ಜಾಗಗಳು.

ಟೇಪಿನಡಿ ಬಣ್ಣ ನುಗ್ಗುವುದು. ಕಾರಣ ಎರಡು: ಟೇಪಿನ ಅಂಚು ಸರಿಯಾಗಿ ಕೂತಿಲ್ಲ, ಇಲ್ಲವೇ ಬಣ್ಣ ನೀರಾಗಿದೆ. ಚಮಚದ ಬೆನ್ನಿನಿಂದ ಅಂಚುಗಳನ್ನೆಲ್ಲ ಒಮ್ಮೆ ಉಜ್ಜಿ. ಮೂರು ಪಟ್ಟಿ ಸೇರುವ ನಡುಭಾಗದಲ್ಲಿ ಮೆಟ್ಟಿಲು ಏಳುತ್ತದೆ, ಅಲ್ಲಿ ಉಗುರಿನಿಂದ ಒತ್ತಬೇಕು. ಪೋಸ್ಟರ್ ಕಲರನ್ನು ಚಮಚದಲ್ಲಿ ಎತ್ತಿದರೆ ದಾರದಂತೆ ಇಳಿಯಬಾರದು, ಬೊಟ್ಟಾಗಿ ಬೀಳಬೇಕು, ಅದು ಹದ. ಬ್ರಷ್ ಕೊಡಬೇಡಿ. ಬ್ರಷ್ ಬಣ್ಣವನ್ನು ಅಂಚಿನೊಳಗೆ ತಳ್ಳುತ್ತದೆ. ಪಾತ್ರೆ ಉಜ್ಜುವ ಮೆತ್ತನೆ ಸ್ಪಾಂಜನ್ನು 3 ಸೆಂಮೀ ಅಗಲ, 5 ಸೆಂಮೀ ಉದ್ದದ ತುಂಡು ಮಾಡಿ ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸಿಕ್ಕಿಸಿದರೆ ಹಿಡಿ ಸಿದ್ಧ. ತಟ್ಟೆಯಲ್ಲಿ ನಾಲ್ಕು ಮಡಿಕೆಯ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಬಣ್ಣ ಹರಡಿ, ಸೀಲಿನ ಮಸಿಪೆಟ್ಟಿಗೆಯ ಹಾಗೆ. ಸ್ಪಾಂಜು ಬೇಕಾದಷ್ಟೇ ಹೀರುತ್ತದೆ. ಮಕ್ಕಳಿಗೆ ಹೇಳಬೇಕಾದದ್ದು ಎರಡೇ ಮಾತು, "ಒತ್ತು, ಎತ್ತು. ಒತ್ತು, ಎತ್ತು." ರಾಗವಾಗಿ ಹೇಳಿ, ತಿಕ್ಕುವ ಕೈ ತಾನಾಗಿ ನಿಲ್ಲುತ್ತದೆ.

ಕಾಗದ ಹರಿಯುವುದು. ಅಂಟಿಸುವ ಮೊದಲು ಪಟ್ಟಿಯನ್ನು ಬಟ್ಟೆಗೆ ಒಮ್ಮೆ ಅಂಟಿಸಿ ಕಿತ್ತರೆ ಅಂಟಿನ ಬಿಗಿ ಕಡಿಮೆಯಾಗುತ್ತದೆ. ಬಣ್ಣ ಒತ್ತಿದ ಹತ್ತು, ಹದಿನೈದು ನಿಮಿಷಕ್ಕೆ ಟೇಪ್ ತೆಗೆಯಬೇಕು. ಮುಟ್ಟಿದರೆ ಬೆರಳಿಗೆ ಬಣ್ಣ ಬರಬಾರದು, ಆದರೆ ತಣ್ಣಗಿರಬೇಕು. ರಾತ್ರಿಯಿಡೀ ಬಿಟ್ಟರೆ ಟೇಪು, ಕಾಗದ ಎರಡರ ಮೇಲೂ ಬಣ್ಣ ಒಂದೇ ಪದರವಾಗಿ ಒಣಗಿ, ಎಳೆದಾಗ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಟೇಪನ್ನು ಮೇಲಕ್ಕೆ ಜಗ್ಗಬಾರದು. ಬಂದ ದಾರಿಗೇ ಹಿಂದಕ್ಕೆ ಮಡಚಿ, ಕಾಗದಕ್ಕೆ ಒರಗಿಸಿಕೊಂಡಂತೆ ನಿಧಾನ ಎಳೆಯಬೇಕು.

ಚಿಕ್ಕದೊಂದು ಸಂಗತಿ, ಆದರೆ ಇದನ್ನು ಮರೆತರೆ ಎಲ್ಲ ಹಾಳು. ಪ್ರತಿ ಪಟ್ಟಿಯ ಒಂದು ತುದಿಯನ್ನು 1 ಸೆಂಮೀ ಒಳಕ್ಕೆ ಮಡಚಿ ಅದರ ಮೇಲೇ ಅಂಟಿಸಿಬಿಡಿ. ಅದು ಕಿವಿಯಾಯಿತು, ಮಗು ಹಿಡಿದು ಎಳೆಯಬಹುದು. ಮತ್ತೆ, ಕೊನೆಗೆ ಅಂಟಿಸಿದ್ದು ಮೊದಲು ಬರಬೇಕು. ಕೆಳಗಿನ ಪಟ್ಟಿಗೆ ಮೊದಲು ಕೈ ಹಾಕಿದರೆ ನಡುವೆ ಕಾಗದ ಹರಿಯುತ್ತದೆ. ಹಾಗಾಗಿ ಮೇಲಿನ ಪಟ್ಟಿಯ ಕಿವಿಗೆ ಕೆಂಪು ಚುಕ್ಕೆ ಇಡಿ. "ಕೆಂಪು ಕಿವಿ ಮೊದಲು" ಅಂದರೆ ಮೂರು ವರ್ಷದವರಿಗೂ ತಿಳಿಯುತ್ತದೆ. ಆ ಪಟ್ಟಿಯ ಮೇಲೆ ಮಗು ಇಟ್ಟ ಕವಲಿನ ತುಂಡುಗಳೂ ಅದರ ಜೊತೆಗೇ ಎದ್ದು ಬರುತ್ತವೆ. ಕಾಗದದ ಮೇಲೆ ಬಿಡಿಯಾಗಿ ಉಳಿದವನ್ನು ನೀವು ಉಗುರಿನಿಂದ ಎತ್ತಿ ಕೊಡಿ.

ಬಣ್ಣ ನೀಲಿ, ನೇರಳೆ ಎರಡೇ ಇಡಿ. ಹೇಗೆ ಬೆರೆತರೂ ಚಂದವೇ. ಕೆಂಪು, ಹಸಿರು, ಹಳದಿ ಒಂದೇ ಮೇಜಿಗೆ ಬಂದರೆ ಐದು ನಿಮಿಷಕ್ಕೆ ಎಲ್ಲ ಕೆಸರು ಬಣ್ಣ. ಹೆಸರನ್ನು ಕಾಗದದ ಹಿಂದೆ ಮೊದಲೇ ಪೆನ್ಸಿಲಿನಲ್ಲಿ ಬರೆದಿಡಿ, ಆಮೇಲೆ ಯಾರದು ಯಾವುದು ಗೊತ್ತಾಗುವುದಿಲ್ಲ.

---

ಮುಂಜಾವು:

ಟೇಪ್ ಚಿತ್ರಕ್ಕೆ ನನ್ನದೂ ಒಪ್ಪಿಗೆ. ಹಿಮ ನೋಡಿಲ್ಲ ಅಂದಿರಲ್ಲ, ಅದಕ್ಕೆ ಒಂದೆರಡು ಮಾತು.

ಚಿತ್ರ ತೋರಿಸುವ ಮೊದಲು ತಣ್ಣಗಿರುವುದನ್ನು ಮುಟ್ಟಿಸಿ. ಒಂದು ಡಬ್ಬಿಯಲ್ಲಿ ನೀರು ಹಾಕಿ ಫ್ರೀಜರಿನಲ್ಲಿ ರಾತ್ರಿಯಿಡೀ ಇಡಿ, ಒಂದು ಇಟ್ಟಿಗೆಯಷ್ಟು ದೊಡ್ಡ ಗಡ್ಡೆ ಆಗಲಿ. ಸಣ್ಣ ಐಸ್ ತುಂಡು ಬೇಡ. ಬಾಯಿಗೆ ಹಾಕುವ ಮಕ್ಕಳಿದ್ದಾರೆ, ಜಾರಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಫ್ರೀಜರಿನಿಂದ ತೆಗೆದ ಕೂಡಲೇ ಕೊಡಲೂಬಾರದು, ಒದ್ದೆ ಬೆರಳು ಅದಕ್ಕೆ ಕಚ್ಚಿಕೊಳ್ಳುತ್ತದೆ. ಹತ್ತು ನಿಮಿಷ ಹೊರಗಿಟ್ಟು ಮೇಲ್ಮೈ ನೀರಾಡಿದ ಮೇಲೆ ಟ್ರೇಯಲ್ಲಿ ಇಡಿ. ಮುಟ್ಟಲಿ, ಕೈ ತೆಗೆಯಲಿ, ಅಂಗೈ ನೋಡಿಕೊಳ್ಳಲಿ. ಐದು ನಿಮಿಷ ಸಾಕು.

ಐಸ್ ಮೇಲೆ ಉಪ್ಪು ಉದುರಿಸಿ ಕರಗಿಸುವ ಆಟವನ್ನು ಬಹಳ ಕಡೆ ಹೇಳುತ್ತಾರೆ. ಚಿಕ್ಕ ಮಕ್ಕಳ ಕೈಗೆ ಅದನ್ನು ದಯವಿಟ್ಟು ಕೊಡಬೇಡಿ. ಉಪ್ಪು ಬೆರೆತ ಐಸ್ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ, ಪ್ರಮಾಣ ಸರಿಯಾಗಿ ಕೂಡಿಬಂದರೆ ಮೈನಸ್ 20ರ ಆಸುಪಾಸಿಗೂ ಹೋಗುತ್ತದೆ. ಅದನ್ನು ಹಿಡಿದುಕೊಂಡರೆ ಚರ್ಮ ಸುಟ್ಟಂತೆಯೇ ಗಾಯವಾಗುತ್ತದೆ. ಮಗುವಿಗೆ ಮೊದಲು ಮರಗಟ್ಟುವುದರಿಂದ ನೋವು ತಡವಾಗಿ ತಿಳಿಯುತ್ತದೆ.

ಆಮೇಲೆ ಮಾತು. ಕನ್ನಡದಲ್ಲಿ ನಾವು ಬೆಳಗ್ಗೆ ಮುಸುಕುವುದಕ್ಕೂ ಮಂಜು ಅನ್ನುತ್ತೇವೆ, ಮೇಲಿಂದ ಬೀಳುವುದಕ್ಕೂ ಮಂಜು ಅನ್ನುತ್ತೇವೆ, ಗಟ್ಟಿಯಾದರೆ ಮಂಜುಗಡ್ಡೆ. ಮಗುವಿಗೆ ಮೂರೂ ಒಂದೇ ಆಗಿಬಿಡುತ್ತದೆ. ತೇಲುವುದು ಮಂಜು, ಬೀಳುವುದು ಹಿಮ, ಗಟ್ಟಿಯಾಗಿ ಕೂತದ್ದು ಐಸ್, ಹುಲ್ಲಿನ ಮೇಲಿನ ಹನಿ ಇಬ್ಬನಿ ಅಂತ ವಾರವಿಡೀ ಒಂದೇ ರೀತಿ ಹೇಳಿ.

ಹಿಮದ ಹರಳಿನ ಚಿತ್ರ ತೋರಿಸುವುದಾದರೆ ಕಾರ್ಟೂನು ಬೇಡ, ನಿಜವಾದ ಫೋಟೋ ತೋರಿಸಿ. ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದೊಂದೇ ಹರಳಿನ ಫೋಟೋ ತೆಗೆದರು. ಜೀವಮಾನದಲ್ಲಿ ತೆಗೆದದ್ದು 5,000ಕ್ಕೂ ಹೆಚ್ಚು. ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಗೆ ನಿಂತ ಆ ಹರಳುಗಳನ್ನು ನಾಲ್ಕು ವರ್ಷದವರು ಬೆರಳಿಟ್ಟು ಎಣಿಸುತ್ತಾರೆ, ಒಂದು, ಎರಡು, ಆರು ತೋಳು. ನೀರಿನ ಕಣಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಯಲ್ಲೇ ಕೂರುತ್ತವೆ, ಅದರಿಂದ ಆರು. ನೀವು ಮಾಡುವ ಹರಳಿಗೂ ಆರೇ ಇರಲಿ. ಎಂಟು ತೋಳಿನ ಹರಳನ್ನು ಮಾಡಿಸಿ ಹಿಮ ಎಂದು ಕಲಿಸುವುದು ತಪ್ಪು.

ಸಣ್ಣ ವಸ್ತುಗಳ ಬಗ್ಗೆ: ಅಲುಗಾಡುವ ಪ್ಲಾಸ್ಟಿಕ್ ಕಣ್ಣು, ಗುಂಡಿ, ಮಣಿ ಯಾವುದೂ ಬೇಡ. ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ಅಡ್ಡಳತೆ 31.7 ಮಿಮೀ, ಅದರೊಳಗೆ ಪೂರ್ತಿ ಇಳಿಯುವ ವಸ್ತು ಅಪಾಯ ಎಂದೇ ಲೆಕ್ಕ. ವಯಸ್ಸು ಮೂರು ದಾಟಿದ್ದರೂ ಬಾಯಿಗೆ ಹಾಕುವ ಮಗುವಿಗೆ ಅದೇ ಅಳತೆ ಅನ್ವಯಿಸಿ. ಮಿಂಚಿನ ಪುಡಿಯೂ ಬೇಡ, ಕೈಯಿಂದ ಕಣ್ಣಿಗೆ ಹೋಗುತ್ತದೆ. ಎಳೆದು ತೆಗೆದ ಟೇಪ್ ತುಂಡುಗಳನ್ನು ಹಾಕಲು ಪ್ರತಿ ಮೇಜಿಗೆ ಒಂದು ಡಬ್ಬಿ ಇಡಿ.

---

ಚಿಟ್ಟೆಗೂಡು:

ಇಬ್ಬರಿಗೂ ವಂದನೆಗಳು, ಕೆಂಪು ಕಿವಿಯ ಉಪಾಯ ಬರೆದಿಟ್ಟುಕೊಂಡೆ. ಎರಡು ಪ್ರಶ್ನೆ ಉಳಿದಿವೆ. ನಾಲ್ಕೂವರೆಯವರು ಇದನ್ನು ಬೇಗ ಮುಗಿಸಿ ಕತ್ತರಿ ಕೇಳುತ್ತಾರೆ, ಕಾಗದ ಮಡಚಿ ಹರಳು ಕತ್ತರಿಸುವುದನ್ನು ಕೊಡಬಹುದೇ? ಹಾಗೆಯೇ, ಗಮ್ ಗೆರೆಯ ಮೇಲೆ ಉಪ್ಪು ಉದುರಿಸಿ ಬಣ್ಣದ ನೀರು ಬಿಡುವ ಚಿತ್ರದ ಬಗ್ಗೆ ಏನನ್ನುತ್ತೀರಿ? ನೋಡಲು ಹಿಮದ ಹಾಗೇ ಕಾಣುತ್ತದೆ.

---

ಕತ್ತರಿ ಕಾಗದ:

ಕತ್ತರಿಯ ಬಗ್ಗೆ ನಾನು ಹೇಳುತ್ತೇನೆ.

ಮೂರು ವರ್ಷದ ಮಗು ಕತ್ತರಿಯನ್ನು ಒಮ್ಮೆ ಮುಚ್ಚಿ ತೆರೆಯಬಲ್ಲದು, ಅಷ್ಟೇ. ನಾಲ್ಕರ ಹೊತ್ತಿಗೆ ನೇರ ಗೆರೆಯ ಮೇಲೆ ಮುಂದೆ ಮುಂದೆ ಸಾಗುತ್ತದೆ. ವೃತ್ತ ಕತ್ತರಿಸುವುದು ಐದರ ಸುಮಾರಿಗೆ. ಆದ್ದರಿಂದ ಮೂರರವರಿಗೆ 2 ಸೆಂಮೀ ಅಗಲದ ಬಿಳಿ ಕಾಗದದ ಪಟ್ಟಿ ಕೊಡಿ. ಒಂದು ಕಚ್ಚಿಗೆ ಒಂದು ಚೂರು ಉದುರಬೇಕು. ಆ ಚೂರುಗಳೇ ಹಿಮ, ಕಡು ನೀಲಿ ಕಾಗದಕ್ಕೆ ಗಮ್ ಸವರಿ ಮೇಲಿಂದ ಉದುರಿಸಲಿ. ಹೆಬ್ಬೆರಳು ಮೇಲೆ ಇರಲಿ, ಮೊಣಕೈ ಪಕ್ಕೆಗೆ ಅಂಟಿರಲಿ. ಎಡಗೈ ಮಗುವಿದ್ದರೆ ಎಡಗೈ ಕತ್ತರಿಯನ್ನೇ ತನ್ನಿ. ಬಲಗೈ ಕತ್ತರಿಯ ಅಲಗುಗಳು ಎಡಗೈಯಲ್ಲಿ ಒಂದರಿಂದ ಒಂದು ಸರಿದು ನಿಲ್ಲುತ್ತವೆ, ಕಾಗದ ತುಂಡಾಗದೆ ನಡುವೆ ಮಡಚಿಕೊಳ್ಳುತ್ತದೆ. ಮಗುವಿಗೆ ಬರುವುದಿಲ್ಲ ಅಂದುಕೊಳ್ಳುತ್ತೇವೆ, ತಪ್ಪು ಕತ್ತರಿಯದು.

ಮಡಚಿ ಕತ್ತರಿಸುವ ಹರಳು ನಾಲ್ಕೂವರೆಯವರಿಗೆ ಆಗುತ್ತದೆ, ಕಾಗದ ತೆಳುವಾಗಿದ್ದರೆ ಮಾತ್ರ. ಎಲ್ಲರೂ ತಪ್ಪುವುದು ಇಲ್ಲೇ. ಸಾಮಾನ್ಯ ಹಾಳೆ 0.1 ಮಿಮೀ ದಪ್ಪ. 12 ಪದರ ಮಡಚಿದರೆ 1.2 ಮಿಮೀ. ಮೊಂಡು ತುದಿಯ ಮಕ್ಕಳ ಕತ್ತರಿ ಅದನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಟಿಶ್ಯೂ ಪೇಪರ್ ಇಲ್ಲವೇ ಕಾಫಿ ಸೋಸುವ ದುಂಡು ಕಾಗದ ತೆಗೆದುಕೊಳ್ಳಿ. 20 ಸೆಂಮೀ ಅಡ್ಡಳತೆಯ ವೃತ್ತ, ಅರ್ಧಕ್ಕೆ ಮಡಚಿ, ಆ ಅರ್ಧವನ್ನು ಮೂರು ಸಮಪಾಲಾಗಿ ಹಿಂದೆ ಮುಂದೆ ಮಡಚಿ. 60 ಡಿಗ್ರಿಯ ಒಂದು ಚೂಪು ತ್ರಿಕೋನ ಸಿಗುತ್ತದೆ, ಆರು ಪದರ. ಮಡಿಕೆ ನೀವೇ ಹಾಕಿಡಿ. ಚೌಕವನ್ನು ಅರ್ಧ, ಅರ್ಧ, ಮತ್ತೆ ಅರ್ಧ ಮಾಡುತ್ತಾ ಹೋದರೆ ನಾಲ್ಕು, ಎಂಟು ತೋಳಷ್ಟೇ ಬರುತ್ತವೆ. ಮುಂಜಾವು ಅವರು ಹೇಳಿದ ಆರು ಸಿಗುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಆರು ಪದರದ ತ್ರಿಕೋನದಲ್ಲಿ ಒಂದು ಬದಿಯ ಮಡಿಕೆಗೆ ಹಾಕಿದ ಕಚ್ಚು ಬಿಡಿಸಿದಾಗ ಮೂರೇ ಕಡೆ ಕಾಣುತ್ತದೆ. ಎದುರಿನ ಮಡಿಕೆಗೂ ಅದೇ ಎತ್ತರದಲ್ಲಿ ಕಚ್ಚು ಹಾಕಿದರೆ ಆರಾಗುತ್ತದೆ. ಇನ್ನೊಮ್ಮೆ ಮಡಚಿ 12 ಪದರ ಮಾಡಿದರೆ ಒಂದು ಕಚ್ಚೇ ಆರು ಕಡೆ ಬೀಳುತ್ತದೆ, ಟಿಶ್ಯೂ ಆದರೆ ಪರವಾಗಿಲ್ಲ. ಮಕ್ಕಳಿಗೆ ಆರು ಪದರವೇ ಸಾಕು, ಎರಡೂ ಬದಿಗೆ ಪೆನ್ಸಿಲಿನಲ್ಲಿ ಎರಡೆರಡು ಸಣ್ಣ ಗುರುತು ಇಟ್ಟುಕೊಡಿ. ಒಂದು ಬದಿಯಿಂದ ಇನ್ನೊಂದು ಬದಿಗೆ ಪೂರ್ತಿ ಕತ್ತರಿಸಿದರೆ ಹರಳು ಎರಡಾಗಿ ನಡುವಿನ ಚಿಕ್ಕ ಚಕ್ರ ಕಳಚಿ ಬೀಳುತ್ತದೆ. ಬಿದ್ದರೂ ಎಸೆಯಬೇಡಿ, ಅದೂ ಒಂದು ಪುಟ್ಟ ಹರಳೇ.

ಬಿಡಿಸುವಾಗ ನೀವು ಜೊತೆಗಿರಿ, ಟಿಶ್ಯೂ ಮಡಿಕೆಯಲ್ಲಿ ಸಿಕ್ಕಿ ಹರಿಯುತ್ತದೆ. ಅಂಟಿಸುವಾಗ ಗಮ್ ಸ್ಟಿಕ್ಕನ್ನು ಹರಳಿಗೆ ಸವರಬಾರದು, ಕೆಳಗಿನ ನೀಲಿ ಕಾಗದಕ್ಕೆ ಸವರಿ ಹರಳನ್ನು ಅದರ ಮೇಲೆ ಇಳಿಸಬೇಕು.

---

ಮುಂಜಾವು:

ಉಪ್ಪಿನ ಚಿತ್ರದ ಬಗ್ಗೆ. ಚೆನ್ನಾಗಿ ಬಂದರೆ ಅದಕ್ಕಿಂತ ಸುಂದರವಾದದ್ದು ಇಲ್ಲ. ಡ್ರಾಪರಿನ ತುದಿಯನ್ನು ಉಪ್ಪಿಗೆ ತಾಗಿಸಿದರೆ ಸಾಕು, ನೀಲಿ ತಾನೇ ತಾನಾಗಿ ಗೆರೆಯುದ್ದಕ್ಕೂ ಹರಳಿಂದ ಹರಳಿಗೆ ಓಡುತ್ತದೆ. ಮಕ್ಕಳು ಉಸಿರು ಹಿಡಿದು ನೋಡುತ್ತಾರೆ. ಆದರೆ ಕೆಡುವ ಜಾಗವೂ ಇದರಲ್ಲೇ ಹೆಚ್ಚು.

ಉಪ್ಪು ಸಣ್ಣ ಪುಡಿಯದೇ ಬೇಕು. ಕಲ್ಲುಪ್ಪಿನ ಕಾಳುಗಳ ನಡುವೆ ಜಾಗ ದೊಡ್ಡದು, ಬಣ್ಣ ಹರಿಯುವುದಿಲ್ಲ. ಮಗುವಿಗೆ ಎರಡು ದೊಡ್ಡ ಚಮಚ, ಒಟ್ಟು ಅರ್ಧ ಕೆಜಿ. ಬಣ್ಣ ಎರಡು ಚಮಚ ನೀರಿಗೆ ಎಂಟು, ಹತ್ತು ಹನಿ. ಡ್ರಾಪರನ್ನು ಪಿಚ್ಚನೆ ಹಿಂಡಿದರೆ ಉಪ್ಪು ಕರಗಿ ಗಮ್ಮೂ ಹರಿದು ಹಳ್ಳವಾಗುತ್ತದೆ. ಮೂರು ವರ್ಷದ ಕೈ ಹಿಂಡಿಯೇ ಹಿಂಡುತ್ತದೆ. ಅವರಿಗೆ ಡ್ರಾಪರಿನ ಬದಲು ಕಿವಿ ಒರೆಸುವ ಹತ್ತಿಕಡ್ಡಿ ಕೊಡಿ, ಅದ್ದಿ ತಾಗಿಸಲಿ. ಗಮ್ ಸೀಸೆಯನ್ನು ಹಿಂಡಲು ಅವರ ಬೆರಳಿಗೆ ಬಲ ಸಾಲದು, ಗೆರೆ ನೀವು ಎಳೆದುಕೊಡಬೇಕಾಗುತ್ತದೆ. ಅಲ್ಲಿಗೆ ನೀವು ಹತ್ತಿ ಬೊಂಬೆ ಬಿಟ್ಟ ಕಾರಣವೇ ತಿರುಗಿ ಬಂತು.

ಒಣಗಲು ಇಡೀ ದಿನ ಬೇಕು, ಅದೂ ಮಟ್ಟಸವಾಗಿ. ನೇತು ಹಾಕಿದರೆ ಜಾರುತ್ತದೆ. ಗಾಳಿಯ ತೇವ ಶೇ. 75 ದಾಟಿದ ದಿನ ಉಪ್ಪು ತಾನೇ ಗಾಳಿಯಿಂದ ನೀರು ಎಳೆದು ಒದ್ದೆಯಾಗುತ್ತದೆ, ಎಷ್ಟು ಕಾದರೂ ಒಣಗುವುದಿಲ್ಲ. ಮಂಜು ಮುಸುಕಿದ ವಾರದಲ್ಲಿ ಇದನ್ನು ಇಟ್ಟುಕೊಳ್ಳಬೇಡಿ. ಒಣಗಿದ ಮೇಲೂ ಕೆಲವು ವಾರಗಳಲ್ಲಿ ಪುಡಿಪುಡಿಯಾಗಿ ಉದುರುತ್ತದೆ, ಅದನ್ನು ತಡೆಯಲಾಗದು.

ಚಳಿಗೆ ಬಿರಿದ ಕೈ, ಬೆರಳ ಸಂದಿಯ ಗೀರು ಇದ್ದರೆ ಉಪ್ಪು ಉರಿಯುತ್ತದೆ, ಮೊದಲು ಕೈ ನೋಡಿ. ಬಾಯಿಗೆ ಹಾಕುವ ಆ ಇಬ್ಬರ ಮುಂದೆ ಉಪ್ಪಿನ ಬಟ್ಟಲು ಇಡಬೇಡಿ. ಚಿಕ್ಕ ಮಗು ಚಮಚಗಟ್ಟಲೆ ಉಪ್ಪು ತಿಂದರೆ ಜೀವಕ್ಕೇ ಅಪಾಯ. ಇದೇ ಮಾತು ಬೊರಾಕ್ಸ್ ಕರಗಿಸಿ ಹರಳು ಬೆಳೆಸುವ ಪ್ರಯೋಗಕ್ಕೂ ಸಲ್ಲುತ್ತದೆ. ಅದು ವಿಷವಸ್ತು, ಶಿಶುವಿಹಾರದ ಬಾಗಿಲೊಳಗೆ ತರಲೇಬೇಡಿ. ಶೇವಿಂಗ್ ಫೋಮ್ ಮತ್ತು ಬಿಳಿ ಗಮ್ ಸಮಸಮ ಬೆರೆಸಿದ ಉಬ್ಬು ಬಣ್ಣವನ್ನೂ ಯಾರಾದರೂ ಸೂಚಿಸಬಹುದು. ಉಬ್ಬಿಕೊಂಡೇ ಒಣಗುತ್ತದೆ, ಹಿಮದಂತೆಯೇ ಇರುತ್ತದೆ, ನಿಜ. ಆದರೆ ಮಗುವಿನ ಕಣ್ಣಿಗೆ ಅದು ಕೆನೆಯ ಹಾಗೆ ಕಾಣುತ್ತದೆ. ಈ ತಂಡಕ್ಕೆ ಬೇಡ.

---

ಹೊಂಗೆ ನೆರಳು:

ಹಿಮವನ್ನೇ ಯಾಕೆ ಮಾಡಬೇಕು? ಹಿಮ ಬೀಳದ ಕಡೆಯೂ ಚಳಿಗಾಲ ಇದೆ. ಮಕ್ಕಳು ಕಣ್ಣಾರೆ ಕಾಣುವ ಮಂಜಿನ ಮುಂಜಾನೆಯನ್ನೇ ಕಾಗದದಲ್ಲಿ ಮಾಡಿಸಬಹುದು, ಕತ್ತರಿಯೂ ಬೇಡ, ಬಣ್ಣವೂ ಬೇಡ.

ಬೇಕಾದದ್ದು ಬಿಳಿ ಎ4 ಹಾಳೆ, ಕಪ್ಪು ಇಲ್ಲವೇ ಕಡು ಬೂದು ಕಾಗದ, ಬಟರ್ ಪೇಪರ್ ಮಗುವಿಗೆ ಎ4 ಅಳತೆಯ ಎರಡು. ಮಗು ಕಪ್ಪು ಕಾಗದವನ್ನು ಉದ್ದುದ್ದ ಹರಿದು ಮರ ಮಾಡುತ್ತದೆ. ಕೆಲವನ್ನು ಬಿಳಿ ಹಾಳೆಗೆ ಅಂಟಿಸಿ ಮೇಲೆ ಬಟರ್ ಪೇಪರ್ ಹೊದಿಸುತ್ತದೆ. ಅದರ ಮೇಲೆ ಇನ್ನೊಂದಿಷ್ಟು ಮರ, ಮತ್ತೆ ಬಟರ್ ಪೇಪರ್, ಎಲ್ಲಕ್ಕೂ ಮೇಲೆ ಒಂದೋ ಎರಡೋ ಮರ. ಅಡಿಯಲ್ಲಿರುವವು ಮಸುಕು ಮಸುಕು, ನಡುವಿನವು ಬೂದು, ಮೇಲಿನವು ಅಚ್ಚ ಕಪ್ಪು. ಮಂಜಿನಲ್ಲಿ ದೂರದ ಮರ ಮಾಸಿ ಕಾಣುವುದು ಹೀಗೇ ಅಲ್ಲವೇ. ಮಗು ಬಟರ್ ಪೇಪರನ್ನು ಎತ್ತಿ ನೋಡುತ್ತದೆ, ಮರ ಹತ್ತಿರ ಬರುತ್ತದೆ. ಬಿಡುತ್ತದೆ, ದೂರ ಹೋಗುತ್ತದೆ. ಅದಕ್ಕೇ ಬಟರ್ ಪೇಪರನ್ನು ಮೇಲಂಚಿಗೆ ಮಾತ್ರ ಅಂಟಿಸಿ, ಸುತ್ತ ಅಂಟಿಸಬೇಡಿ. ಗಮ್ ಸ್ಟಿಕ್ಕೇ ಆಗಬೇಕು. ಬಿಳಿ ಗಮ್ಮಿನ ನೀರಿಗೆ ಬಟರ್ ಪೇಪರ್ ಸುಕ್ಕುಗಟ್ಟುತ್ತದೆ.

ಹರಿಯುವುದಕ್ಕೂ ಒಂದು ದಿಕ್ಕಿದೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗಿರುತ್ತವೆ. ಆ ಕಡೆಗೆ ಹರಿದರೆ ಸೀಳು ನೇರ ಹೋಗುತ್ತದೆ, ಅಡ್ಡ ಹರಿದರೆ ಎಲ್ಲೆಲ್ಲೋ ಓಡುತ್ತದೆ. ಮೊದಲು ಒಂದು ಮೂಲೆಯಲ್ಲಿ ಎರಡೂ ಕಡೆ ಹರಿದು ನೋಡಿ, ನೇರ ಬರುವ ದಿಕ್ಕು ಮರದ ಉದ್ದಕ್ಕೆ ಬರುವಂತೆ 10 ಸೆಂಮೀ ಅಗಲ, 20 ಸೆಂಮೀ ಉದ್ದದ ತುಂಡು ಮಾಡಿಕೊಡಿ. ಮೇಲಂಚಿನಲ್ಲಿ ಎರಡು ಸೆಂಟಿಮೀಟರಿಗೊಂದು ಸಣ್ಣ ಕಚ್ಚು ನೀವೇ ಹಾಕಿಟ್ಟರೆ ಮೂರು ವರ್ಷದವರಿಗೆ ಶುರು ಮಾಡುವುದು ಸುಲಭ. ಎರಡೂ ಕೈಯ ಹೆಬ್ಬೆರಳು ತೋರುಬೆರಳು ಅಕ್ಕಪಕ್ಕ ಹಿಡಿದು, ಒಂದು ಕೈ ತನ್ನ ಕಡೆಗೆ, ಇನ್ನೊಂದು ಆಚೆಗೆ. ಕೈಗಳು ದೂರ ಇದ್ದರೆ ಕಾಗದ ಬರೀ ಜಗ್ಗುತ್ತದೆ, ಹರಿಯುವುದಿಲ್ಲ.

ಸ್ಟ್ರಾದಲ್ಲಿ ಬಣ್ಣ ಊದಿ ಕೊಂಬೆ ಮಾಡಿಸುವುದೂ ಇದೆ. ಊದು ಅಂದರೆ ಎಳೆದುಕೊಳ್ಳುವ ಮಕ್ಕಳು ಇದ್ದೇ ಇರುತ್ತಾರೆ. ಬಾಯಿಯ ತುದಿಯಿಂದ 3 ಸೆಂಮೀ ಕೆಳಗೆ ಸೂಜಿಯಿಂದ ಎರಡು ತೂತು ಮಾಡಿದರೆ ಎಳೆದಾಗ ಗಾಳಿಯೇ ಬರುತ್ತದೆ, ಬಣ್ಣ ಮೇಲೇರುವುದಿಲ್ಲ. ಒಬ್ಬರ ಸ್ಟ್ರಾ ಇನ್ನೊಬ್ಬರಿಗೆ ಬೇಡ, ನೆಗಡಿಯ ಕಾಲ.

---

ಚಿಟ್ಟೆಗೂಡು:

ಹಾಗಾದರೆ ಟೇಪ್ ಚಿತ್ರ ಎಲ್ಲರಿಗೂ, ಮಂಜಿನ ಮರ ಇನ್ನೊಂದು ದಿನ, ಉಪ್ಪು ಇಲ್ಲ. 14 ಮಂದಿಯನ್ನು ಒಟ್ಟಿಗೆ ಕೂರಿಸಲೇ? ಒಣಗಿಸಲು ಇರುವುದು 120 ಸೆಂಮೀ ಉದ್ದ, 60 ಸೆಂಮೀ ಅಗಲದ ಒಂದು ಮೇಜು ಮಾತ್ರ.

---

ಬಣ್ಣದ ಬಟ್ಟಲು:

ಜಾಗ ಸಾಕು. ಎ5 ಹಾಳೆಯ ಉದ್ದ 21 ಸೆಂಮೀ, ಅಗಲ 14.8. ಉದ್ದಕ್ಕೆ ಐದು, ಅಗಲಕ್ಕೆ ನಾಲ್ಕು ಸಾಲು, 20 ಹಾಳೆ ಹಿಡಿಯುತ್ತದೆ.

ಒಟ್ಟಿಗೆ ಕೂರಿಸಬೇಡಿ. ಮೊದಲ ಐದು ನಿಮಿಷ ಎಲ್ಲರೂ ಐಸ್ ಸುತ್ತ. ಆಮೇಲೆ ಏಳೇಳು ಮಂದಿಯ ಎರಡು ಗುಂಪು. ಮೂರು ವರ್ಷದ ಆರು ಮಂದಿ, ಜೊತೆಗೊಬ್ಬ ನಾಲ್ಕರವನು, ಮೊದಲು ಬಣ್ಣದ ಮೇಜಿಗೆ. ಅವರಿಗೆ ಟೇಪ್ ಅಂಟಿಸಿಯೇ ಇರುತ್ತದೆ, ಒತ್ತುವುದು ಎಂಟು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಮಿಕ್ಕ ಏಳು ದೊಡ್ಡ ಮಕ್ಕಳು ಇನ್ನೊಂದು ಮೇಜಿನಲ್ಲಿ ಚುಕ್ಕೆ ನೋಡಿ ಟೇಪ್ ಅಂಟಿಸುತ್ತಿರಲಿ. ಮೇಜು ಬದಲಾಯಿಸಿ. ದೊಡ್ಡವರು ಬಣ್ಣ ಒತ್ತುವ ಹೊತ್ತಿಗೆ ಚಿಕ್ಕವರು ಕೈ ತೊಳೆದು ಬಿಳಿ ಪಟ್ಟಿ ಕತ್ತರಿಸುತ್ತಿರುತ್ತಾರೆ, ಅವರ ಹಾಳೆ ಹದಕ್ಕೆ ಬಂದಿರುತ್ತದೆ. ಚಿಕ್ಕವರ ಟೇಪ್ ಮೊದಲು ಎಳೆಸಿ. ಆಗ ದೊಡ್ಡವರು ಕೈ ತೊಳೆದುಕೊಳ್ಳಲಿ. ಅವರ ಹಾಳೆಗಳಿಗೆ 40 ನಿಮಿಷದೊಳಗೆ ಸಮಯ ಸಾಲದಿದ್ದರೆ ಮೇಜಿನ ಮೇಲೆ ಬಿಟ್ಟು, ಮನೆಗೆ ಹೊರಡುವ ಮುನ್ನ ಎಳೆಸಿ. ಆದರೆ ತಡವಾದರೆ ಬಣ್ಣ ಬಿರುಸಾಗುತ್ತದೆ ಅಂದೆನಲ್ಲ, ಅಷ್ಟು ಹೊತ್ತು ಬಿಡಬೇಕಾದರೆ ಎಳೆಯುವ ಮುಂಚೆ ಟೇಪಿನ ಅಂಚಿನುದ್ದಕ್ಕೂ ಒದ್ದೆ ಹತ್ತಿಕಡ್ಡಿ ಒಮ್ಮೆ ಆಡಿಸಿ, ಪದರ ಮೆತ್ತಗಾಗಿ ಅಂಚು ಚೊಕ್ಕವಾಗಿ ಬಿಡುತ್ತದೆ.

ಇನ್ನೊಂದು. ಎರಡು ಹಾಳೆ ಹೆಚ್ಚಿಗೆ ಟೇಪ್ ಅಂಟಿಸಿಟ್ಟಿರಿ. ಒಂದು ಹರಿದೇ ಹರಿಯುತ್ತದೆ, ಮತ್ತೆ ಆ ಮಗುವಿನ ಕಣ್ಣೆದುರು ಕೂತು ಟೇಪ್ ಅಂಟಿಸಲು ಆಗ ಪುರಸೊತ್ತಿರುವುದಿಲ್ಲ.